ದಿದ್ದಾ ರಾಣಿ, ನಮ್ಮ ದೇವಮ್ಮಾಜಿ
ಮಡಿಕೇರಿಯ ಈ ಮಳೆಯಲ್ಲಿ ಕಾಶ್ಮೀರದ ದಿದ್ದಾ ರಾಣಿಯ ಬಗ್ಗೆ ಓದುತ್ತಿದ್ದೇನೆ. 958ರಲ್ಲಿ ಗಂಡ ಕ್ಷೇಮಗುಪ್ತ ತೀರಿಕೊಂಡಾಗ ಮಗ ಅಭಿಮನ್ಯು ಇನ್ನೂ ಎಳೆಯ. ಆಕೆ ಚಿತೆಯೇರಲಿಲ್ಲ, ಮಗನ ಹೆಸರಿನಲ್ಲಿ ರಾಜ್ಯವಾಳಿದಳು, ದಂಗೆಯೆದ್ದವರಲ್ಲಿ ಕೆಲವರನ್ನು ಹೊನ್ನು ಕೊಟ್ಟು ಒಲಿಸಿ, ಉಳಿದವರನ್ನು ಬಗ್ಗುಬಡಿದಳು. ಗಂಡ ಬದುಕಿದ್ದಾಗಲೇ ಅವನ ನಾಣ್ಯಗಳ ಮೇಲೆ ಇವಳ ಹೆಸರಿನ 'ದಿ' ಅಕ್ಷರವಿತ್ತು! ಮೊಮ್ಮಕ್ಕಳನ್ನು ಕೊಲ್ಲಿಸಿದಳೆಂಬ ಆರೋಪವೂ ಇದೆ, ಅದನ್ನು ಮರೆಮಾಚಲಾರೆ. ಆದರೆ 1003ರಲ್ಲಿ ಸಾಯುವವರೆಗೂ ಅಧಿಕಾರ ಅವಳದೇ.

ಓದುತ್ತ ದೇವಮ್ಮಾಜಿ ನೆನಪಾದಳು. ಗಂಡುಮಕ್ಕಳಿಲ್ಲದ ದೊಡ್ಡವೀರರಾಜೇಂದ್ರ ತನ್ನ ನಂತರ ಕೊಡಗಿನ ಪಟ್ಟ ಈ ಎಳೆಯ ಮಗಳಿಗೇ ಸಲ್ಲಬೇಕೆಂದು ಬಯಸಿದ್ದ. 1809ರಲ್ಲಿ ಸಿಕ್ಕ ಪಟ್ಟ 1811ರಲ್ಲಿ ಚಿಕ್ಕಪ್ಪ ಲಿಂಗರಾಜನ ಪಾಲಾಯಿತು. ತಾಯಿ ಮಹದೇವಮ್ಮಾಜಿ 1807ರಲ್ಲೇ ಹೋಗಿದ್ದಳು. ಆ ತಾಯಿ ಇದ್ದಿದ್ದರೆ, ಅವಳಲ್ಲಿ ದಿದ್ದಾಳ ಗಟ್ಟಿತನವೂ ಇದ್ದಿದ್ದರೆ, ಲಿಂಗರಾಜನಿಗೆ ಅದು ಅಷ್ಟು ಸುಲಭವಾಗುತ್ತಿತ್ತೇ?