ಹೆಸರು ಕರೆಯುವುದನ್ನು ಕೇಳಲು ಬಂದವರು

ಈ ಸೋಮವಾರ ಸಂಜೆ ಅಮೆರಿಕದ ಓಕ್ಲಹೋಮಾ ರಾಜ್ಯದ ಟಾಲಕ್ವಾದಲ್ಲಿ, ಮೂಲನಿವಾಸಿ ಚೆರೋಕೀ ಜನರ ಸ್ವಯಮಾಡಳಿತದ ಸರ್ಕಾರವಾದ ಚೆರೋಕೀ ನೇಷನ್ನಿನ ಕೌನ್ಸಿಲ್ ಸಭೆ ಆರಂಭವಾಗುವ ಹೊತ್ತಿಗೆ, ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಮುಂಗೈ ಮುಟ್ಟಿ, “ಈಗ ಹೆಸರು ಕರೆಯುತ್ತಾರೆ, ಕೇಳು. ನಾನು ಬರುವುದೇ ಇದಕ್ಕೆ” ಎಂದರು. ಅವರು ಟಲ್ಸಾದಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿಯ ತಾಯಿ. ಕತ್ತಲಾದ ಮೇಲೆ ಕಾರು ಓಡಿಸುವುದು ಅವರಿಗೆ ಈಗ ಆಗುವುದಿಲ್ಲವೆಂದು ಮಗಳು ಕರೆತಂದಿದ್ದಳು. ನಾನು ಕುತೂಹಲದಿಂದ ಜೊತೆಗೆ ಹೋಗಿದ್ದೆ. ಗುಮಾಸ್ತರು ಸದಸ್ಯರ ಹೆಸರುಗಳನ್ನು ಒಂದೊಂದಾಗಿ ಓದಿದರು, ಬಂದಿದ್ದವರು “ಹಾಜರ್” ಎಂದರು, ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಇದೆ ಎಂದು ಪೀಠದಿಂದ ಘೋಷಣೆಯಾಯಿತು. ಆ ತಾಯಿ ಬೆನ್ನು ಒರಗಿಸಿ ಕುಳಿತರು. ಅನಂತರ ನಡೆದ ಆಯವ್ಯಯದ ತಿದ್ದುಪಡಿ, ಸಮಿತಿಗಳ ವರದಿ, ನೇಮಕಾತಿಗಳ ಅನುಮೋದನೆ ಯಾವುದಕ್ಕೂ ಅವರ ಮುಖದಲ್ಲಿ ಆ ಮೊದಲ ನಿಮಿಷದ ಏಕಾಗ್ರತೆ ಮರಳಲಿಲ್ಲ.

ಮಗಳಿಗೆ ಇದು ಹೊಸದಲ್ಲ. ತಾಯಿ ಇನ್ನೂ 1997ರಲ್ಲೇ ಇದ್ದಾಳೆ ಎಂಬುದು ಅವಳ ದೂರು. ನನಗೆ ಹಾಗೆ ಅನ್ನಿಸಲಿಲ್ಲ. ಒಂದು ಸಭೆಯ ಕಲಾಪದಲ್ಲಿ ಅತ್ಯಂತ ನೀರಸವೆಂದು ನಾವೆಲ್ಲ ಭಾವಿಸುವ ಭಾಗವನ್ನು, ಅದು ಇಲ್ಲದೆ ಹೋದರೆ ಏನಾಗುತ್ತದೆಂದು ಕಣ್ಣಾರೆ ಕಂಡವರು ಹೇಗೆ ಆಲಿಸುತ್ತಾರೆಂಬುದನ್ನು ನಾನು ಅಂದು ನೋಡಿದೆ. ಈ ವಾರವಿಡೀ ಬೇರೆ ಕೆಲಸಗಳ ನಡುವೆ ಆ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ನಾನು ಬರುವುದೇ ಇದಕ್ಕೆ.

1997ರ ಫೆಬ್ರವರಿ 25ರಂದು ಚೆರೋಕೀ ನೇಷನ್ನಿನ ಪೊಲೀಸರಾದ ಮಾರ್ಷಲ್‌ಗಳು ತಮ್ಮದೇ ನ್ಯಾಯಾಲಯದ ಶೋಧನಾ ವಾರಂಟ್ ಹಿಡಿದು ತಮ್ಮದೇ ಸರ್ಕಾರದ ಕೇಂದ್ರ ಕಚೇರಿಯಲ್ಲಿ ಹಣಕಾಸಿನ ದಾಖಲೆಗಳಿಗಾಗಿ ಶೋಧ ನಡೆಸಿದರು. ಆಗ ಪ್ರಿನ್ಸಿಪಲ್ ಚೀಫ್, ಅಂದರೆ ಸರ್ಕಾರದ ಚುನಾಯಿತ ಮುಖ್ಯಸ್ಥ, ಆಗಿದ್ದವರು 1995ರಲ್ಲಿ ಆಯ್ಕೆಯಾಗಿದ್ದ ಜೋ ಬರ್ಡ್. ಅವರು ಮೊದಲು ಮಾರ್ಷಲ್ ದಳದ ಮುಖ್ಯಸ್ಥರನ್ನು, ಬಳಿಕ ಇಡೀ ದಳವನ್ನು ಕೆಲಸದಿಂದ ತೆಗೆದರು. ಮೂವರು ನ್ಯಾಯಮೂರ್ತಿಗಳ ಉನ್ನತ ನ್ಯಾಯಪೀಠವು ಮಾರ್ಷಲ್‌ಗಳು ಮುಂದುವರಿಯಬೇಕೆಂದು ಆದೇಶಿಸಿತು. ಅವರು ಸಂಬಳವಿಲ್ಲದೆ ಮುಂದುವರಿದರು. ಮೇ ತಿಂಗಳಲ್ಲಿ, ಹದಿನೈದು ಸದಸ್ಯರ ಕೌನ್ಸಿಲ್‌ನಲ್ಲಿ ಚೀಫ್ ಪರವಿದ್ದ ಎಂಟು ಮಂದಿ ಸೇರಿ ಆ ಮೂವರು ನ್ಯಾಯಮೂರ್ತಿಗಳನ್ನೇ ಮಹಾಭಿಯೋಗದ ಮೂಲಕ ಪದಚ್ಯುತಗೊಳಿಸಿರುವುದಾಗಿ ಘೋಷಿಸಿದರು. ಆದರೆ 1975ರ ಸಂವಿಧಾನದ ಪ್ರಕಾರ ಕೋರಂ ಆಗಬೇಕಾದರೆ ಮೂರನೇ ಎರಡರಷ್ಟು, ಅಂದರೆ ಹತ್ತು ಮಂದಿ ಇರಬೇಕಾಗಿತ್ತು. ಎಂಟು ಹತ್ತಲ್ಲ ಎಂಬ ಕಾರಣಕ್ಕೆ ನ್ಯಾಯಪೀಠವು ಆ ನಿರ್ಣಯವನ್ನು ಒಪ್ಪಲಿಲ್ಲ. ಜೂನ್ 20ರಂದು ಬೆಳಕು ಹರಿಯುವ ಮುನ್ನ ಚೀಫ್ ಅವರ ಭದ್ರತಾ ಪಡೆ ಪಟ್ಟಣದ ನಡುಮಧ್ಯದ ನ್ಯಾಯಾಲಯದ ಕಟ್ಟಡವನ್ನು ವಶಪಡಿಸಿಕೊಂಡಿತು. ಆಗಸ್ಟ್ 13ರಂದು ಅದೇ ಕಟ್ಟಡದ ಎದುರು, ಎರಡು ಬಣಗಳ ನಡುವೆ ಹೊಡೆದಾಟವೇ ನಡೆಯಿತು.

ಈ ನಡುವೆ ವಿರೋಧಿ ಬಣದ ಆರು ಮಂದಿ ಸದಸ್ಯರು ಕೌನ್ಸಿಲ್ ಸಭೆಗೆ ಬರುವುದನ್ನೇ ನಿಲ್ಲಿಸಿದರು. ಉಳಿದವರು ಒಂಬತ್ತು. ತಿಂಗಳುಗಟ್ಟಲೆ ಹೆಸರು ಕರೆಯುವುದು, ಹತ್ತು ಆಗದಿರುವುದು, ಸಭೆ ನಡೆಯದಿರುವುದು ಇದೇ ಆಯಿತು.

ನಮ್ಮ ಸಂವಿಧಾನದಲ್ಲಿ ವಿಧಾನಸಭೆಯ ಕೋರಂಗೆ ಹತ್ತನೆಯ ಒಂದು ಪಾಲು, ಇಲ್ಲವೇ ಹತ್ತು ಮಂದಿ, ಯಾವುದು ಹೆಚ್ಚೋ ಅಷ್ಟು ಸಾಕು. ಹಾಗಾಗಿ ಗೈರುಹಾಜರಿಗೆ ಇಷ್ಟು ಶಕ್ತಿ ಇರಬಹುದೆಂಬ ಕಲ್ಪನೆ ನನಗಿರಲಿಲ್ಲ. ಸಭೆ ಮುಗಿದು ಅವರ ಮನೆಯ ಕಡೆಗೆ ಹೋಗುವಾಗ ನಾನು ಸ್ವಲ್ಪ ಸಂಕೋಚದಿಂದಲೇ ಕೇಳಿದೆ: ಜನ ಆರಿಸಿ ಕಳಿಸಿದ ಸದಸ್ಯರು ಸಭೆಗೇ ಬಾರದೆ ಉಳಿಯುವುದು ಕರ್ತವ್ಯಲೋಪವಲ್ಲವೇ? ಅವರು ತಕ್ಷಣ ಉತ್ತರಿಸಲಿಲ್ಲ. “ನನ್ನ ಅಣ್ಣನೂ ಇದನ್ನೇ ಕೇಳುತ್ತಿದ್ದ” ಎಂದರು ಬಳಿಕ. “ಸಂಬಳ ತೆಗೆದುಕೊಂಡು ಮನೆಯಲ್ಲಿ ಕುಳಿತಿದ್ದಾರೆ ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ: ಅವರು ಬಂದು ಕುಳಿತರೆ ಹತ್ತಕ್ಕಿಂತ ಹೆಚ್ಚಾಗುತ್ತದೆ, ಆ ಎಂಟು ಮಂದಿ ಮಾಡಿದ್ದೆಲ್ಲ ಊರ್ಜಿತವಾಗುತ್ತದೆ. ಬಾರದಿರುವುದೊಂದೇ ಅವರ ಕೈಯಲ್ಲಿ ಉಳಿದಿದ್ದ ಮತ.” ಅಣ್ಣತಂಗಿ ಆಮೇಲೆ ಬಹುಕಾಲ ಒಂದೇ ಮೇಜಿಗೆ ಕುಳಿತು ಊಟ ಮಾಡಲಿಲ್ಲವಂತೆ. ಅವರು ಆಗ ನೇಷನ್ನಿನ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರು. ಯಾರ ಆದೇಶದ ಕಾಗದವನ್ನು ಯಾವ ಕಡತಕ್ಕೆ ಹಾಕಬೇಕೆಂಬುದೇ ಅಂದು ಪ್ರಶ್ನೆಯಾಗಿತ್ತು ಎಂದರು. ಎರಡು ಪೊಲೀಸ್ ಪಡೆಗಳಿದ್ದ ಊರಿನಲ್ಲಿ, ಕೊನೆಗೆ ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುವ ಫೆಡರಲ್ ಸರ್ಕಾರದ ಬ್ಯೂರೋ ಆಫ್ ಇಂಡಿಯನ್ ಅಫೇರ್ಸ್ ತನ್ನ ಪೊಲೀಸರನ್ನು ಕಳಿಸಿ ಮೂರನೆಯದೊಂದನ್ನು ಸೇರಿಸಿತು. ಸ್ವಯಮಾಡಳಿತವನ್ನು ಉಸಿರಿನಂತೆ ಕಾಪಾಡಿಕೊಂಡು ಬಂದ ಜನಕ್ಕೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ ಎಂದು ಹೇಳುವಾಗ ಅವರ ದನಿ ಗಡುಸಾಯಿತು.

ಆ ಅಣ್ಣನನ್ನು ನಾನು ನೋಡಿಲ್ಲ, ಅವರು ಈಗಿಲ್ಲ. ಆದರೂ ಅವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ಸಭೆ ಸೇರದ ತಿಂಗಳುಗಳ ಹೊರೆ ಬೀಳುವುದು ಸೇವೆಗಳಿಗಾಗಿ ಕಾಯುತ್ತಿರುವವರ ಮೇಲೆಯೇ ಹೊರತು ರಾಜಕಾರಣಿಗಳ ಮೇಲಲ್ಲ. ಆದರೆ ಆ ಎಂಟು ಮಂದಿಯ ಬಗ್ಗೆ ನನ್ನ ಅಭಿಪ್ರಾಯ ಕಠಿಣವಾದುದು. ತಮ್ಮ ನಾಯಕನ ಮೇಲಿನ ತನಿಖೆಗೆ ದಾರಿ ಮಾಡಿಕೊಟ್ಟ ನ್ಯಾಯಾಲಯವನ್ನು, ಕೋರಂ ಕೂಡ ಇಲ್ಲದ ಸಭೆಯಲ್ಲಿ ಕಿತ್ತುಹಾಕಲು ಹೊರಟವರು ಉಳಿದವರಿಗೆ ಸಭಾತ್ಯಾಗವಲ್ಲದೆ ಬೇರೆ ದಾರಿ ಬಿಟ್ಟಿರಲಿಲ್ಲ.

ಮನೆ ತಲುಪಿದ ಮೇಲೆ ಆ ತಾಯಿ ಕಾಫಿ ಕೊಟ್ಟು ಇನ್ನೊಂದು ಮಾತು ಹೇಳಿದರು. ಅದನ್ನು ಕೇಳಿದ ಮೇಲೆಯೇ ಅವರು ಹೆಸರು ಕರೆಯುವುದನ್ನು ಆಲಿಸುವ ಬಗೆಗೆ 1997ಕ್ಕಿಂತ ಬಹಳ ಹಿಂದಿನ ಬೇರು ಇದೆಯೆಂದು ನನಗೆ ಅರಿವಾದದ್ದು. “ಒಮ್ಮೆ ನಾವು ಹೋಗದೆ ಇದ್ದದ್ದನ್ನೇ ಒಪ್ಪಿಗೆ ಎಂದು ಬರೆದುಕೊಂಡರು” ಎಂದರು. ಅವರು ಹೇಳುತ್ತಿದ್ದದ್ದು 1835ರ ಡಿಸೆಂಬರ್‌ನಲ್ಲಿ ಜಾರ್ಜಿಯಾದ ನ್ಯೂ ಎಕೋಟಾದಲ್ಲಿ ನಡೆದ ಸಭೆಯ ವಿಷಯ. ಚೆರೋಕೀಗಳು ಮಿಸಿಸಿಪ್ಪಿ ನದಿಯ ಪೂರ್ವದ ತಮ್ಮ ನೆಲವನ್ನೆಲ್ಲ ಬಿಟ್ಟುಕೊಡುವ ಒಪ್ಪಂದಕ್ಕಾಗಿ ಅಮೆರಿಕ ಸರ್ಕಾರದ ಪ್ರತಿನಿಧಿ ಕರೆದ ಸಭೆಯದು. ಬಾರದೆ ಉಳಿದವರು ಅಲ್ಲಿ ಆಗುವ ತೀರ್ಮಾನಕ್ಕೆ ಸಮ್ಮತಿಸಿದಂತೆ ಎಂದು ಮುಂಚಿತವಾಗಿಯೇ ಸಾರಲಾಗಿತ್ತು. ಪ್ರಿನ್ಸಿಪಲ್ ಚೀಫ್ ಜಾನ್ ರಾಸ್ ಆಗ ವಾಷಿಂಗ್ಟನ್ನಿನಲ್ಲಿದ್ದರು. ಸುಮಾರು ಹದಿನಾರು ಸಾವಿರ ಜನರ ರಾಷ್ಟ್ರದಿಂದ ಅಲ್ಲಿಗೆ ಬಂದವರು ಕೆಲವೇ ನೂರು ಮಂದಿ. ಚೆರೋಕೀ ಕೌನ್ಸಿಲ್ ಆ ಒಪ್ಪಂದಕ್ಕೆ ಎಂದೂ ಒಪ್ಪಿಗೆ ಕೊಡಲಿಲ್ಲ. ಸಾವಿರಾರು ಜನ ಸಹಿ ಹಾಕಿದ ಪ್ರತಿಭಟನೆಯ ಅರ್ಜಿ ವಾಷಿಂಗ್ಟನ್ನಿಗೆ ಹೋಯಿತು. ಆದರೂ 1836ರ ಮೇ ತಿಂಗಳಲ್ಲಿ ಸೆನೆಟ್, ಬೇಕಾದ ಮೂರನೇ ಎರಡಕ್ಕಿಂತ ಒಂದೇ ಒಂದು ಮತದ ಅಂತರದಲ್ಲಿ ಅದನ್ನು ಅಂಗೀಕರಿಸಿತು. 1838–39ರಲ್ಲಿ ಸೈನಿಕರ ಬಲವಂತಕ್ಕೆ ಸಿಕ್ಕಿ ಪಶ್ಚಿಮಕ್ಕೆ, ಈಗಿನ ಓಕ್ಲಹೋಮಾದ ಕಡೆಗೆ, ಹೊರಟವರಲ್ಲಿ ಸುಮಾರು ನಾಲ್ಕು ಸಾವಿರ ಮಂದಿ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಒಪ್ಪಂದಕ್ಕೆ ಬೆಂಬಲವಾಗಿ ನಿಂತಿದ್ದ ಮೇಜರ್ ರಿಜ್, ಅವರ ಮಗ ಜಾನ್ ರಿಜ್, ‘ಚೆರೋಕೀ ಫೀನಿಕ್ಸ್’ ಪತ್ರಿಕೆಯ ಮೊದಲ ಸಂಪಾದಕರಾಗಿದ್ದ ಎಲಿಯಾಸ್ ಬುಡಿನೊ ಈ ಮೂವರನ್ನೂ 1839ರ ಜೂನ್ 22ರಂದು ಹೊಸ ನೆಲದಲ್ಲಿ ಅವರ ಸ್ವಜನರೇ ಕೊಂದರು.

ಸಭೆಗೆ ಎಷ್ಟು ಜನ ಬಂದಿದ್ದರು, ಅವರನ್ನು ಆರಿಸಿದವರು ಯಾರು, ಬಾರದವರ ಮೌನವನ್ನು ಏನೆಂದು ಲೆಕ್ಕ ಹಿಡಿಯಬೇಕು ಎಂಬ ಪ್ರಶ್ನೆಗಳು ಈ ಜನಕ್ಕೆ ನಿಯಮಾವಳಿಯ ಒಣ ಪ್ರಶ್ನೆಗಳಲ್ಲ. 1835ರಲ್ಲಿ ಅವರ ಗೈರುಹಾಜರಿಯನ್ನು ಬೇರೆಯವರು ಸಮ್ಮತಿಯಾಗಿ ತಿರುಚಿದರು. 1997ರಲ್ಲಿ ಆರು ಮಂದಿ ತಮ್ಮ ಗೈರುಹಾಜರಿಯನ್ನು ಅಸಮ್ಮತಿಯಾಗಿ ದಾಖಲಿಸಲು ಸಾಧ್ಯವಾದದ್ದು, ನಡುವಿನ ಕಾಲದಲ್ಲಿ ಅವರು ತಮಗಾಗಿ ಬರೆದುಕೊಂಡ ಸಂವಿಧಾನದಲ್ಲಿ ಹತ್ತು ಎಂಬ ಸಂಖ್ಯೆ ಇದ್ದುದರಿಂದ. ಈ ಎರಡನ್ನೂ ಜೋಡಿಸಿ ನೋಡಿದ ಮೇಲೆ ಗೆಳತಿಯ ಅಸಹನೆಯಲ್ಲಿ ನನಗೆ ನ್ಯಾಯ ಕಾಣದಾಯಿತು; ಹಾಗೆಂದು ಅವಳಿಗೆ ಹೇಳಿದೆನು ಕೂಡ. ಅವಳು ಒಳ್ಳೆಯವಳು, ಆದರೆ ಸಂಸ್ಥೆಗಳು ತಮ್ಮಷ್ಟಕ್ಕೆ ತಾವೇ ನಡೆಯುತ್ತವೆಂದು ನಂಬಿದ ತಲೆಮಾರಿನವಳು.

ಜಗಳ ಮುಗಿದ ಬಗೆಯಂತೂ ನನಗೆ ಅತ್ಯಂತ ಗೌರವ ಹುಟ್ಟಿಸಿತು. 1999ರಲ್ಲಿ ಚೆರೋಕೀಗಳು ಹೊಸ ಸಂವಿಧಾನ ರಚಿಸಲು 79 ಪ್ರತಿನಿಧಿಗಳ ಸಮಾವೇಶ ಕರೆದರು. ಸರ್ಕಾರದ ಮೂರು ಅಂಗಗಳು ಸೇರಿ 24 ಮಂದಿಯನ್ನು ನೇಮಿಸಿದವು. 24 ಮಂದಿಯನ್ನು ಸಾರ್ವಜನಿಕ ವಿಚಾರಣೆಗಳಲ್ಲಿ ಬಂದು ಮಾತನಾಡಿದವರ ನಡುವಿನಿಂದ ಆರಿಸಲಾಯಿತು. ಇನ್ನು 24 ಮಂದಿಯನ್ನು ಅರ್ಜಿ ಹಾಕಿದವರ ಪೈಕಿ ಚೀಟಿ ಎತ್ತಿ ತೆಗೆಯಲಾಯಿತು. ಉಳಿದ ಏಳು ಮಂದಿ ಸಂವಿಧಾನ ಆಯೋಗದವರು. ಒಬ್ಬರನ್ನೊಬ್ಬರು ನಂಬದ ಬಣಗಳಿದ್ದ ಊರಿನಲ್ಲಿ ಚೀಟಿ ಎತ್ತುವುದಕ್ಕೆ ಒಪ್ಪಿಕೊಳ್ಳುವುದು ಸಣ್ಣ ವಿವೇಕವಲ್ಲ. ಅಲ್ಲಿ ರೂಪುಗೊಂಡ ಸಂವಿಧಾನವನ್ನು ಜನ 2003ರಲ್ಲಿ ಮತ ಹಾಕಿ ಒಪ್ಪಿದರು, 2006ರಲ್ಲಿ ನ್ಯಾಯಾಲಯ ಅದು ಜಾರಿಯಲ್ಲಿದೆಯೆಂದು ತೀರ್ಪಿತ್ತಿತು. ಕೌನ್ಸಿಲ್‌ನಲ್ಲಿ ಈಗ ಹದಿನೇಳು ಸ್ಥಾನಗಳು. ಅದರಲ್ಲಿ ಎರಡು ಮೀಸಲು ಪ್ರದೇಶದ ಹೊರಗೆ ನೆಲೆಸಿದ ಪ್ರಜೆಗಳಿಗೆ. ಮೊದಲು ಡೆಪ್ಯುಟಿ ಚೀಫ್ ಕೌನ್ಸಿಲ್‌ನ ಅಧ್ಯಕ್ಷತೆ ವಹಿಸುತ್ತಿದ್ದರು. ಈಗ ಸದಸ್ಯರೇ ತಮ್ಮೊಳಗಿನಿಂದ ಒಬ್ಬ ಸ್ಪೀಕರ್‌ರನ್ನು ಆರಿಸುತ್ತಾರೆ. ಮಾರ್ಷಲ್‌ಗೆ ಸಂವಿಧಾನದಲ್ಲೇ ಐದು ವರ್ಷದ ನಿಶ್ಚಿತ ಅವಧಿ ಇದೆ. ಹೊಸ ವಿಧಿಗಳಲ್ಲಿ ಬಹುಪಾಲು 1997ರ ಒಂದೊಂದು ಗಾಯಕ್ಕೆ ಹೊಂದುವಂಥವು.

ಹಾಗೆ ಹುಟ್ಟಿದ ಸ್ಪೀಕರ್ ಪೀಠದಲ್ಲಿ 2015ರಿಂದ 2021ರವರೆಗೆ ಕುಳಿತವರು ಜೋ ಬರ್ಡ್. 1999ರ ಚುನಾವಣೆಯಲ್ಲಿ ಚಾಡ್ ಸ್ಮಿತ್ ಎದುರು ಸೋತಿದ್ದ ಅವರು ಮುಂದೆ ಕೌನ್ಸಿಲ್‌ಗೆ ಆಯ್ಕೆಯಾಗಿ, ಸಹ ಸದಸ್ಯರ ಮತದಿಂದ ಸ್ಪೀಕರ್ ಆದರು. ಇದನ್ನು ಕೇಳಿ ನಾನು ಬೆರಗಾದೆ. ಆ ತಾಯಿಯ ಮುಖ ನೋಡಿದೆ, ಕಹಿ ಇರುತ್ತದೆಂದು. “ಆರು ವರ್ಷ ಅವರ ಬಾಯಿಂದಲೇ ಕೋರಂ ಇದೆ ಎಂಬುದನ್ನು ಕೇಳಿದ್ದೇನೆ” ಎಂದರು. “ಅವರು ನಮ್ಮವರೇ. ಜನ ಆರಿಸಿದರು, ಸದಸ್ಯರು ಆರಿಸಿದರು. ಎಣಿಕೆ ಸರಿಯಿತ್ತು.” ಅಷ್ಟು ಸಾಕೇ ಎಂದು ನಾನು ಕೇಳಲಿಲ್ಲ. ಅವರ ಕ್ಷಮೆಯೋ, ಶಿಸ್ತೋ, ಅದು ಯಾವುದಾದರೂ ಇರಲಿ, ನನ್ನಲ್ಲಿ ಅದು ಇದ್ದಿದ್ದರೆ ಚೆನ್ನಾಗಿತ್ತೆಂದು ಮನಸಾರೆ ಅನ್ನಿಸಿತು.

ಎಣಿಕೆ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ ಎಂಬುದಕ್ಕೂ ಉದಾಹರಣೆ ಇದೆ. ಗಡೀಪಾರಿನಿಂದ ತಪ್ಪಿಸಿಕೊಂಡು ನಾರ್ತ್ ಕೆರೊಲಿನಾದ ಬೆಟ್ಟಗಳಲ್ಲಿ ಉಳಿದವರ ವಂಶಜರು ಈಸ್ಟರ್ನ್ ಬ್ಯಾಂಡ್ ಚೆರೋಕೀಗಳು. ಅವರ ಕೌನ್ಸಿಲ್‌ನಲ್ಲಿ ಹನ್ನೆರಡು ಮಂದಿ, ಒಬ್ಬೊಬ್ಬರ ಮತಕ್ಕೂ ಅವರ ಪ್ರದೇಶದ ಜನಸಂಖ್ಯೆಗೆ ತಕ್ಕ ತೂಕ. 2015ರಲ್ಲಿ ಭಾರಿ ಬಹುಮತದಿಂದ ಪ್ರಿನ್ಸಿಪಲ್ ಚೀಫ್ ಆಗಿದ್ದ ಪ್ಯಾಟ್ರಿಕ್ ಲ್ಯಾಂಬರ್ಟ್ ಅವರನ್ನು 2017ರ ಮೇ 25ರಂದು ಆ ಕೌನ್ಸಿಲ್ ಮಹಾಭಿಯೋಗದ ಮೂಲಕ ಪದಚ್ಯುತಗೊಳಿಸಿತು. ಅದಕ್ಕೆ ಮುಂಚೆ ಏಪ್ರಿಲ್‌ನಲ್ಲಿ ಸೇರಿದ್ದ ಜನರ ಮಹಾಸಭೆಯು ಮಹಾಭಿಯೋಗ ಬೇಡವೆಂದು ಅಗಾಧ ಬಹುಮತದಿಂದ ಹೇಳಿತ್ತು. ಕೌನ್ಸಿಲ್ ಅದಕ್ಕೆ ಮಣಿಯಲಿಲ್ಲ. ಅಲ್ಲಿ ಸದಸ್ಯರಿದ್ದರು, ಹಾಜರಿ ಇತ್ತು, ಮೂರನೇ ಎರಡರ ಬಹುಮತವೂ ಇತ್ತು. ಇದನ್ನು ಗೆಳತಿ ತಾಯಿಯ ಮುಂದಿಟ್ಟಾಗ ಅವರು, “ಅಲ್ಲಿ ಜನಕ್ಕೆ ಸಂವಿಧಾನ ಇರಲಿಲ್ಲ, ಚಾರ್ಟರ್ ಇತ್ತು, ಅದನ್ನು ಕೌನ್ಸಿಲೇ ಓದಿತು, ಕೌನ್ಸಿಲೇ ತೀರ್ಪು ಕೊಟ್ಟಿತು” ಎಂದಷ್ಟೇ ಹೇಳಿದರು. ಆರೋಪ ಹೊರಿಸುವವರೂ ತೀರ್ಪು ಕೊಡುವವರೂ ಒಬ್ಬರೇ ಆಗಿರುವ ಕಡೆ ಎಷ್ಟು ಮಂದಿ ಹಾಜರಿದ್ದರೂ ಸೋತ ಪಕ್ಷಕ್ಕೆ ಸಮಾಧಾನವಾಗದು ಎಂಬುದು ನನಗೂ ನಿಜವೆನ್ನಿಸುತ್ತದೆ.

ಹಿಂದಿರುಗಿ ಟಲ್ಸಾಗೆ ಬರುವಾಗ ಗೆಳತಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಇನ್ನೂ ಪೂರ್ಣ ಉತ್ತರವಿಲ್ಲ. ನ್ಯೂ ಎಕೋಟಾ ಒಪ್ಪಂದದ ಏಳನೆಯ ವಿಧಿಯಲ್ಲಿ ಚೆರೋಕೀಗಳಿಗೆ ಅಮೆರಿಕದ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ನಲ್ಲಿ ಒಬ್ಬ ಪ್ರತಿನಿಧಿಯ ಸ್ಥಾನದ ಮಾತಿದೆ. 2019ರಲ್ಲಿ ಚೀಫ್ ಚಕ್ ಹಾಸ್ಕಿನ್ ಜೂನಿಯರ್ ಆ ಸ್ಥಾನಕ್ಕೆ ಕಿಂಬರ್ಲಿ ಟೀಹೀ ಅವರನ್ನು ಹೆಸರಿಸಿದರು, ಕೌನ್ಸಿಲ್ ಅನುಮೋದಿಸಿತು. 2022ರ ನವೆಂಬರ್‌ನಲ್ಲಿ ಹೌಸ್‌ನ ನಿಯಮಗಳ ಸಮಿತಿ ವಿಚಾರಣೆ ನಡೆಸಿತು. ಸ್ಥಾನವನ್ನು ಮಾತ್ರ ಕೊಟ್ಟಿಲ್ಲ. ಟಾಲಕ್ವಾದಲ್ಲೇ ನೆಲೆಯಿರುವ, ಚೆರೋಕೀಗಳದೇ ಇನ್ನೊಂದು ಪ್ರತ್ಯೇಕ ಪಂಗಡವಾದ ಯುನೈಟೆಡ್ ಕೀಟೂವಾ ಬ್ಯಾಂಡ್ ಆ ಹಕ್ಕು ತಮಗೂ ಸೇರಿದ್ದೆನ್ನುತ್ತದೆ. ತಮ್ಮ ಕೌನ್ಸಿಲ್ ಎಂದೂ ಒಪ್ಪದ ಕಾಗದವನ್ನು ಆಧಾರವಾಗಿ ಹಿಡಿದು ಹಕ್ಕು ಕೇಳುವುದು ಹೇಗೆ ಸರಿ ಎಂಬುದು ಗೆಳತಿಯ ಪ್ರಶ್ನೆ. ತಾಯಿಯನ್ನು ಕೇಳಿದ್ದೀಯಾ ಎಂದೆ. ಕೇಳಿದ್ದಳಂತೆ. ಆ ಕಾಗದದ ಬೆಲೆಯನ್ನು ಪೂರ್ತಿಯಾಗಿ ತೆತ್ತವರು ನಾವು, ಅದರಲ್ಲಿ ನಮಗೆ ಬರಬೇಕಾದದ್ದನ್ನು ಬಿಡುವುದು ಏಕೆ, ಈ ಸಲ ನಮ್ಮ ಕೌನ್ಸಿಲೇ ಮತ ಹಾಕಿ ಕೇಳಿದೆಯಲ್ಲ ಎಂದು ಅವರು ಉತ್ತರಿಸಿದ್ದರಂತೆ. ನಾನು ತಾಯಿಯ ಪಕ್ಷ ಎಂದೆ. ಮಗಳು ಒಪ್ಪಲಿಲ್ಲ, ಮುಂದಿನ ಸಭೆಗೂ ಅವಳೇ ಅವರನ್ನು ಕರೆದೊಯ್ಯುತ್ತಾಳೆ.