ಹೊಸಿಲ ಮೇಲಿನ ಭಂಡಾರ

ಆಷಾಢದ ಕೊನೆಯ ದಿನ ಬರುವ ಭೀಮನ ಅಮಾವಾಸ್ಯೆಗೆ ರಥವಿಲ್ಲ, ಉತ್ಸವಮೂರ್ತಿಯಿಲ್ಲ, ಜಾತ್ರೆಯಿಲ್ಲ. ಜೋಡಿ ದೀಪದ ಕಂಬಗಳನ್ನು ಶಿವಪಾರ್ವತಿಯರೆಂದು ಭಾವಿಸಿ, ಜ್ಯೋತಿರ್ಭೀಮೇಶ್ವರನ ಹೆಸರಿನಲ್ಲಿ ಪೂಜಿಸಿ, ಒಂಬತ್ತು ಗಂಟಿನ ಅರಿಸಿನದ ದಾರವನ್ನು ಕೈಗೆ ಕಟ್ಟಿಕೊಂಡು, ಗಂಡನ ಮತ್ತು ಒಡಹುಟ್ಟಿದವರ ಆಯುಸ್ಸಿಗಾಗಿ ಹೆಣ್ಣುಮಕ್ಕಳು ಬೇಡಿಕೊಳ್ಳುವ ವ್ರತ ಇದು. ಮದುವೆಯಾಗದವರು ಒಳ್ಳೆಯ ಗಂಡ ಸಿಗಲೆಂದು ಮಾಡುತ್ತಾರೆ. ಹಾಗಾಗಿ ಈ ಹಬ್ಬವೆಲ್ಲ ನಡೆಯುವುದು ಮನೆಯೊಳಗೆ. ಅದರಲ್ಲೂ ಮಕ್ಕಳು ವರ್ಷವಿಡೀ ಕಾಯುವ ಭಂಡಾರ ಒಡೆಯುವ ಶಾಸ್ತ್ರ ನಡೆಯುವುದು ತಲೆಬಾಗಿಲಿನ ಹೊಸಿಲ ಮೇಲೆ. ಬೆಂಗಳೂರಿನ ಮಲ್ಲೇಶ್ವರಂನಲ್ಲಿರುವ ನಮ್ಮ ಅಜ್ಜನ ಮನೆಯನ್ನು ಈ ದೀಪಾವಳಿ ಕಳೆದ ಮೇಲೆ ಕೆಡವುವುದೆಂದು ನಿಶ್ಚಯವಾದ ದಿನದಿಂದ ನನ್ನ ಮನಸ್ಸು ಸುತ್ತುತ್ತಿರುವುದು ಆ ಹೊಸಿಲನ್ನೇ.

1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟಾದ ಬೀದಿಗಳ ಜನ ತತ್ತರಿಸಿಹೋದ ಮೇಲೆ, ಗಾಳಿ ಬೆಳಕು ಧಾರಾಳವಾಗಿ ಆಡುವಂತೆ ಬೆಳೆದ ಬಡಾವಣೆ ಮಲ್ಲೇಶ್ವರಂ. ಮುಂದೆ ಅಂಗಳ, ಹಿಂದೆ ಹಿತ್ತಲು, ಹಿತ್ತಲಿನಾಚೆ ಕಸ, ಹೊಲಸು ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಓಣಿ ಇರುವ ಅಲ್ಲಿನ ಹಳೆಯ ಮನೆಗಳಲ್ಲಿ ನಮ್ಮದೂ ಒಂದು. ಸುಣ್ಣದ ಗಾರೆಯ ದಪ್ಪ ಗೋಡೆ, ಮರದ ತೊಲೆಗಳ ಮೇಲೆ ಕೂತ ಮದ್ರಾಸ್ ತಾರಸಿ, ಕೆಂಪು ನೆಲ, ಬಚ್ಚಲುಮನೆಯ ತಾಮ್ರದ ಹಂಡೆ ಇವೆಲ್ಲ ಆ ಬೀದಿಯ ಬೇರೆ ಮನೆಗಳಲ್ಲೂ ಇದ್ದವು. ನಮ್ಮ ತಲೆಬಾಗಿಲಿನ ಹೊಸಿಲು ಬಾಗಿಲುವಾಡದ ಜೊತೆಗೇ ಕೂರಿಸಿದ ತೇಗದ ದಿಮ್ಮಿ. ಹೊಸಿಲನ್ನು ತುಳಿಯಬಾರದು, ದಾಟಬೇಕು ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರೂ, ಶಾಲೆಗೆ, ಆಫೀಸಿಗೆ, ಆಟಕ್ಕೆ ಓಡುವವರ ಅವಸರದಿಂದ ಅದರ ನಡುಭಾಗ ಬೆರಳಿನ ದಪ್ಪದಷ್ಟು ಸವೆದುಹೋಗಿತ್ತು. ಎರಡು ತುದಿಗಳಲ್ಲಿ ಮಾತ್ರ ಪ್ರತಿದಿನ ಬಳಿದ ಅರಿಸಿನ ಮರದ ಎಳೆಗಳೊಳಗೆ ಇಳಿದು, ಎಷ್ಟು ತೊಳೆದರೂ ಬಿಡದ ಹಳದಿಯಾಗಿ ನಿಂತಿತ್ತು.

ಹಬ್ಬದ ದಿನ ಬೆಳಿಗ್ಗೆ ಮಡಿಯುಟ್ಟು ಅಜ್ಜಿ ಆ ಹೊಸಿಲನ್ನು ತೊಳೆದು, ಅರಿಸಿನ ಬಳಿದು, ಕುಂಕುಮವಿಟ್ಟು, ಅಂಚಿನುದ್ದಕ್ಕೂ ಎರಡೆಳೆಯ ರಂಗೋಲಿ ಎಳೆಯುತ್ತಿದ್ದರು. ಎಂಟನೇ ಕ್ರಾಸಿನಿಂದ ಅಜ್ಜ ತಂದ ಸೇವಂತಿಗೆ, ಮರುಗ, ಪತ್ರೆಗಳ ಜೊತೆಗೆ ಮನೆಯಲ್ಲೇ ಹೊಸೆದ ಗೆಜ್ಜೆವಸ್ತ್ರವನ್ನು ದೀಪದ ಕಂಬಗಳಿಗೆ ಏರಿಸಿ, ತಂಬಿಟ್ಟಿನ ದೀಪ ಹಚ್ಚಿ, ಒಂಬತ್ತು ಕಡುಬಿನ ನೈವೇದ್ಯವಿಟ್ಟು ಪೂಜೆ ನಡೆಯುತ್ತಿತ್ತು. ದೊಡ್ಡಮ್ಮ ಕಥೆ ಓದುವಾಗ ಅಕ್ಷತೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಕೂರಬೇಕಾಗಿದ್ದ ನಾವು ಹೆಣ್ಣುಮಕ್ಕಳು, ಕಥೆ ಮುಗಿಯುವಷ್ಟರಲ್ಲಿ ಬೆವರಿಗೆ ಅಂಗೈಯೆಲ್ಲ ಹಳದಿಯಾಗಿರುತ್ತಿದ್ದುದನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದೆವು.

ಆಮೇಲೆ ಭಂಡಾರ. ಕಣಕದೊಳಗೆ ನಾಣ್ಯವಿಟ್ಟು, ಕಡುಬಿನಂತೆ ಮಡಚಿ, ಎಣ್ಣೆಯಲ್ಲಿ ಗಟ್ಟಿಯಾಗಿ ಕರಿದ ಅವುಗಳನ್ನು ಹೊಸಿಲಿನ ಎರಡು ತುದಿಗಳಲ್ಲಿ ಇಡುತ್ತಿದ್ದರು. ತಮ್ಮ ಮತ್ತು ಚಿಕ್ಕಪ್ಪನ ಮಕ್ಕಳು ಅಂಗಿ ಕಳಚಿ, ಹಣೆಗೆ ಕುಂಕುಮ ಹಚ್ಚಿಸಿಕೊಂಡು ಒಬ್ಬೊಬ್ಬರಾಗಿ ಮಂಡಿಯೂರಿ ಕೂತು, ಮೊಣಕೈಯಿಂದ ಒಂದೇ ಏಟಿಗೆ ಅದನ್ನು ಒಡೆಯಬೇಕು. ಒಡೆಯುವಾಗ ಅಕ್ಕತಂಗಿಯರು ಅವರ ಬೆನ್ನಿಗೆ ಗುದ್ದುವ ಪದ್ಧತಿ ನಮ್ಮಲ್ಲಿ ಇದ್ದುದರಿಂದ, ವರ್ಷದ ಜಗಳವೆಲ್ಲ ಅಲ್ಲಿ ತೀರುತ್ತಿತ್ತು. ಗಟ್ಟಿ ಕಣಕ ಒಡೆದ ಸದ್ದು, ಅದರ ಹಿಂದೆಯೇ ನಾಣ್ಯ ಕೆಂಪು ನೆಲದ ಮೇಲೆ ಉರುಳಿಕೊಂಡು ದಿವಾನದ ಕೆಳಗೆ ಹೋಗುವ ಸದ್ದು, ಅದನ್ನು ಹುಡುಕಲು ಎಲ್ಲರೂ ಹೊಟ್ಟೆಯ ಮೇಲೆ ತೆವಳುತ್ತಿದ್ದ ಗಲಾಟೆ. ಒಡೆದವನು ನಾಣ್ಯವನ್ನು ಎತ್ತಿಕೊಂಡು, ನಾವು ನಮಸ್ಕರಿಸಿದಾಗ ಹಿರಿಯರು ಹೇಳಿಕೊಟ್ಟಂತೆ ಗಂಭೀರವಾಗಿ ಅಕ್ಷತೆ ಹಾಕಿ ಹರಸುತ್ತಿದ್ದ. ಏಳೆಂಟು ವರ್ಷದ ಹುಡುಗನ ಬಾಯಲ್ಲಿ ಬಂದ ಆ ಹರಕೆಯನ್ನು ಅಜ್ಜಿ ಕಣ್ಣುಮುಚ್ಚಿ ಸ್ವೀಕರಿಸುತ್ತಿದ್ದ ರೀತಿಯನ್ನು ಕಂಡೇ, ಆ ಹೊತ್ತಿಗೆ ಹೊಸಿಲ ಬಳಿ ಕೂತವನು ನಮ್ಮ ತಮ್ಮ ಮಾತ್ರವಲ್ಲ ಎಂಬ ನಂಬಿಕೆ ನನ್ನಲ್ಲಿ ಬೇರೂರಿತು.

ಹಾಗೆ ನಂಬಲು ಕಾರಣ ವ್ರತದ ಕಥೆಯಲ್ಲೇ ಇದೆ. ಮದುವೆಯಾಗದೆ ತೀರಿಕೊಂಡ ಮಗನ ಶವಕ್ಕೆ ಹೆಣ್ಣು ಕೊಟ್ಟವರಿಗೆ ಹೇರಳವಾಗಿ ಹೊನ್ನು ಕೊಡುವುದಾಗಿ ರಾಜನೊಬ್ಬ ಡಂಗುರ ಹೊಡೆಸುತ್ತಾನೆ; ಬಡತನದಲ್ಲಿ ಬೆಂದ ಬ್ರಾಹ್ಮಣ ತನ್ನ ಮಗಳನ್ನು ಕೊಡುತ್ತಾನೆ. ಸಂಸ್ಕಾರಕ್ಕೆಂದು ಎಲ್ಲರೂ ನದಿಯ ದಂಡೆಗೆ ಹೋದಾಗ ಬಿರುಮಳೆ ಹಿಡಿದು, ಬಂದವರೆಲ್ಲ ಚದುರಿಹೋಗಿ, ಹುಡುಗಿಯೊಬ್ಬಳೇ ಶವದ ಬಳಿ ಉಳಿಯುತ್ತಾಳೆ. ಅಂದು ಅಮಾವಾಸ್ಯೆ, ತವರಿನಲ್ಲಿ ತಾನು ಪ್ರತಿವರ್ಷ ವ್ರತ ಮಾಡುವ ದಿನ ಎಂಬುದು ಅವಳಿಗೆ ನೆನಪಾಗುತ್ತದೆ. ಕೈಗೆ ಸಿಕ್ಕಿದ ಒದ್ದೆ ಮಣ್ಣಿನಲ್ಲೇ ದೀಪದ ಕಂಬ ಮಾಡಿ, ಮಣ್ಣಿನಲ್ಲೇ ಕಡುಬು ಮಾಡಿ, ಮಣ್ಣಿನಲ್ಲೇ ಭಂಡಾರ ಕಟ್ಟಿ ಅವಳು ಪೂಜೆ ಮುಗಿಸುತ್ತಾಳೆ. ಆದರೆ ಭಂಡಾರ ಒಡೆಯಲು ಅಣ್ಣತಮ್ಮಂದಿರಿಲ್ಲ. ಆಗ ಆ ದಾರಿಯಾಗಿ ಬಂದ ದಂಪತಿಗಳಲ್ಲಿ ಗಂಡನಾದವನು ಅದನ್ನು ಒಡೆದು ಅವಳನ್ನು ಹರಸುತ್ತಾನೆ, ಸತ್ತವನು ಎದ್ದು ಕೂರುತ್ತಾನೆ. ಬಂದವರು ಪಾರ್ವತಿ ಪರಮೇಶ್ವರರೆಂದು ಕಥೆ ಮುಗಿಯುತ್ತದೆ.

ಚಿಕ್ಕಂದಿನಲ್ಲಿ ಸತ್ತವನು ಎದ್ದದ್ದೇ ನನಗೆ ದೊಡ್ಡ ಸಂಗತಿಯಾಗಿತ್ತು. ಮನೆ ಹೋಗುತ್ತದೆಂದು ತಿಳಿದ ಮೇಲೆ ಅದೇ ಕಥೆಯನ್ನು ಓದಿದಾಗ ಎದೆಗೆ ತಾಗಿದ್ದು ಬೇರೆ. ಹೊಸಿಲಿನ ಮೇಲೆ ನಾವು ಇಷ್ಟು ಸಡಗರದಿಂದ ಆಚರಿಸುವ ಈ ಶಾಸ್ತ್ರ ಮೊದಲು ನಡೆದ ಜಾಗದಲ್ಲಿ ಹೊಸಿಲೇ ಇರಲಿಲ್ಲ. ಗೋಡೆಯಿಲ್ಲ, ಸೂರಿಲ್ಲ, ದೇವರಮನೆಯಿಲ್ಲ. ತವರು ಅವಳನ್ನು ಮಾರಿತ್ತು, ಅತ್ತೆಮನೆ ಅವಳನ್ನು ಮಳೆಯಲ್ಲಿ ಬಿಟ್ಟು ಓಡಿತ್ತು. ಮನೆಯೆಂಬುದು ಒಂದೂ ಉಳಿಯದವಳ ಬಳಿಗೆ ಶಿವ ನಡೆದುಬಂದ. ಇದನ್ನು ತಿಳಿದ ಮಾತ್ರಕ್ಕೆ ಮನೆ ಕಳೆದುಕೊಳ್ಳುವ ಸಂಕಟ ಇಲ್ಲವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಗೋಡೆ ಬಿದ್ದರೆ ವ್ರತವೂ ಬಿದ್ದುಹೋಗುತ್ತದೆಂಬ ಭಯ ಮಾತ್ರ ನನ್ನನ್ನು ಬಿಟ್ಟಿದೆ.

ಮನೆ ಕೆಡವುವುದರಲ್ಲಿ ಯಾರ ತಪ್ಪನ್ನೂ ನಾನು ಹುಡುಕಲಾರೆ. ತಾರಸಿ ಮಳೆಗಾಲದಲ್ಲಿ ಸೋರುತ್ತದೆ, ತೊಲೆಗಳಿಗೆ ಗೆದ್ದಲು ಹಿಡಿದಿದೆ, ಅಜ್ಜನ ಮಕ್ಕಳೆಲ್ಲರಿಗೂ ಅದರಲ್ಲಿ ಭಾಗವಿದೆ, ಒಬ್ಬರು ಉಳಿದವರ ಭಾಗ ಕೊಂಡುಕೊಳ್ಳುವಷ್ಟು ಶಕ್ತಿ ಇವತ್ತಿನ ಮಲ್ಲೇಶ್ವರಂನ ಬೆಲೆಯಲ್ಲಿ ನಮ್ಮಂಥವರಿಗೆ ಇಲ್ಲ. ಹಳೆಯ ಮರ ಕೊಳ್ಳುವ ವ್ಯಾಪಾರಿ ಬಂದು ಬಾಗಿಲು, ಕಿಟಕಿಗಳನ್ನೆಲ್ಲ ಟೇಪು ಹಿಡಿದು ಅಳೆದು, ತಲೆಬಾಗಿಲಿಗೆ ಹೊಸಿಲೂ ಸೇರಿ ಒಂದು ಬೆಲೆ ಹೇಳಿದ. ಹೊಸಿಲನ್ನು ಕೊಯ್ದು ತೆಗೆದು ನಾವೇ ಇಟ್ಟುಕೊಳ್ಳೋಣ, ನಯ ಮಾಡಿಸಿ ಗೋಡೆಗೆ ಹಾಕಿಸೋಣ ಎಂದು ನಾನು ಕೇಳಿದಾಗ ದೊಡ್ಡಮ್ಮ ಒಪ್ಪಲಿಲ್ಲ. “ಹೊಸಿಲು ಅಂದಮೇಲೆ ಜನ ದಾಟ್ಬೇಕಮ್ಮ, ಗೋಡೆ ಮೇಲೆ ಏನು ಮಾಡುತ್ತೆ ಅದು?” ಎಂದವರು, ವ್ಯಾಪಾರಿಯ ಕಡೆಗೆ ತಿರುಗಿ, ವಾಡವನ್ನು ಕತ್ತರಿಸದೆ ಇಡಿಯಾಗಿ, ಮನೆ ಕಟ್ಟುವವರಿಗೇ ಮಾರಬೇಕೆಂದು ಕೇಳಿಕೊಂಡರು. ಬೆಲೆಯಲ್ಲಿ ಸ್ವಲ್ಪ ಇಳಿಸಿಕೊಂಡರೂ ಪರವಾಗಿಲ್ಲವೆಂದರು. ಅವರ ಮಾತೇ ಸರಿ ಎಂದು ನನಗೀಗ ಅನ್ನಿಸುತ್ತದೆ.

ಪೂಜೆ ಮುಗಿದ ಸಂಜೆ ಕಾಡುಮಲ್ಲೇಶ್ವರನ ದರ್ಶನಕ್ಕೆ ಹೋಗುವುದು ನಮ್ಮ ಮನೆಯ ರೂಢಿ. ಬಡಾವಣೆಗೆ ಹೆಸರು ಕೊಟ್ಟ ಈ ಮಲ್ಲಿಕಾರ್ಜುನನ ಸೇವೆಗೆ ಮೇದರನಿಂಗನಹಳ್ಳಿಯನ್ನು ಶಿವಾಜಿಯ ಮಲತಮ್ಮ ಏಕೋಜಿ ಬಿಟ್ಟುಕೊಟ್ಟದ್ದನ್ನು 1669ರ ಶಾಸನ ಹೇಳುತ್ತದೆ. ಆ ಹಳ್ಳಿ ಈಗ ಬೀದಿಗಳ ಅಡಿಯಲ್ಲಿ ಕರಗಿಹೋಗಿದೆ. ಮಲ್ಲಿಕಾರ್ಜುನನಿಗೆ ನಿತ್ಯದ ಅಭಿಷೇಕ ನಿಂತಿಲ್ಲ. ದೇವಸ್ಥಾನದೆದುರಿಗೇ, ರಸ್ತೆಯ ಆಚೆ, ನಾವು ಮಕ್ಕಳಾಗಿದ್ದಾಗ ಬರೀ ಮಣ್ಣು ತುಂಬಿದ ನಿವೇಶನವಿತ್ತು. 1997ರಲ್ಲಿ ಅಲ್ಲಿ ಅಗೆದಾಗ, ನಂದಿಯ ಬಾಯಿಂದ ಶಿವಲಿಂಗದ ಮೇಲೆ ನೀರು ಸುರಿದು ಕಲ್ಯಾಣಿಗೆ ಸೇರುವ ದಕ್ಷಿಣಮುಖ ನಂದಿತೀರ್ಥ ಸಿಕ್ಕಿತು. ನಾವು ಆ ಮಣ್ಣಿನ ಮೇಲೆ ನಡೆದು ಹೋಗುತ್ತಿದ್ದ ವರ್ಷಗಳಲ್ಲೆಲ್ಲ ಕೆಳಗೆ ಈಶ್ವರ ಕೂತಿದ್ದ. ಇವತ್ತಿಗೂ ಆ ಕಲ್ಯಾಣಿಯ ಮೆಟ್ಟಿಲಿಳಿದು ತಂಪು ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡಾಗ ಮೈ ಜುಮ್ಮೆನ್ನುತ್ತದೆ.

ಈ ವರ್ಷದ ಅಮಾವಾಸ್ಯೆಗೆ ಊರಲ್ಲಿರುವವರೆಲ್ಲ ಆ ಮನೆಯಲ್ಲಿ ಸೇರಿದ್ದೆವು. ಹಿತ್ತಾಳೆಯ ದೀಪದ ಕಂಬಗಳು ಪೆಟ್ಟಿಗೆಯಲ್ಲೇ ಇರಲಿ ಎಂದು ದೊಡ್ಡಮ್ಮ ಹೇಳಿ, ಹಿತ್ತಲಿನ ಬಾವಿಕಟ್ಟೆಯ ಬಳಿ ಮಣ್ಣು ಅಗೆಸಿದರು. ಕಲ್ಲು, ಬೇರು ಆರಿಸಿ, ನೀರು ಹಾಕಿ ಹದವಾಗಿ ನಾದಿ, ನಾನೂ ತಮ್ಮನ ಹೆಂಡತಿಯೂ ಕೂಡಿ ಜೋಡಿ ಕಂಬಗಳನ್ನು ಮಾಡಿದೆವು. ಒಂದು ಸ್ವಲ್ಪ ವಾಲಿಕೊಂಡಿತ್ತು, ಹಾಗೇ ಇಟ್ಟೆವು. ತಮ್ಮನ ಮಗ ಭಂಡಾರ ಒಡೆದ. ವಿಸರ್ಜನೆಯಲ್ಲಿ “ಪುನರಾಗಮನಾಯ ಚ”, ಮತ್ತೆ ಬರುವಂತಾಗಲಿ, ಎಂದು ಹೇಳಿ ಅಕ್ಷತೆ ಹಾಕುವಾಗ ದೊಡ್ಡಮ್ಮನ ಧ್ವನಿ ಒಂದು ಕ್ಷಣ ತಡೆಯಿತು, ಆಮೇಲೆ ಪೂರ್ತಿ ಹೇಳಿದರು. ಮಾರನೆಯ ದಿನ ಕಂಬಗಳನ್ನು ಬಕೆಟ್ಟಿನ ನೀರಿನಲ್ಲಿ ಕರಗಿಸಿ ಸಂಪಿಗೆ ಮರದ ಬುಡಕ್ಕೆ ಸುರಿದೆವು.

ತಮ್ಮನ ಹೆಂಡತಿ ಮದುವೆಯಾದ ವರ್ಷ ಇದೇ ಮನೆಯಲ್ಲಿ ಹಿಡಿದ ಒಂಬತ್ತು ವರ್ಷದ ವ್ರತ ಇನ್ನೂ ಮುಗಿದಿಲ್ಲ. ಮುಂದಿನ ವರ್ಷದ ಪೂಜೆ ಅವರು ಹೋಗಲಿರುವ ಮತ್ತಿಕೆರೆಯ ಬಾಡಿಗೆ ಮನೆಯಲ್ಲಿ. ಅಲ್ಲಿನ ಬಾಗಿಲಿಗೆ ಇರುವುದು ಕಲ್ಲಿನ ತೆಳುವಾದ ಪಟ್ಟಿ; ದೊಡ್ಡಮ್ಮ ಹೋಗಿ ನೋಡಿಕೊಂಡು ಬಂದು, ಎರಡು ತುದಿಗೆ ಅರಿಸಿನ ಬಳಿದು ಅದರ ಮೇಲೆಯೇ ಭಂಡಾರ ಇಡಿ, ಹುಡುಗನ ಮೊಣಕೈಗೆ ಪೆಟ್ಟಾಗದ ಹಾಗೆ ಆಗ ಕಣಕ ಸ್ವಲ್ಪ ಮೆತ್ತಗಿರಲಿ ಎಂದು ಹೇಳಿದ್ದಾರೆ.