ಎಕ್ಕದ ಗಿಡದ ಚಿಟ್ಟೆಗಳು: ಈ ಮಳೆಗಾಲದ ಸುದ್ದಿ

ಮನೆಯಲ್ಲಿ ಚಿಟ್ಟೆ ಸಾಕುವ ಬುಟ್ಟಿಯಲ್ಲಿ ಈಗ ಮೂರು ಕೋಶ (ಹುಳ ಚಿಟ್ಟೆಯಾಗುವ ಮುಂಚಿನ ಗೂಡು) ನೇತಾಡುತ್ತಿವೆ. ಎರಡು ಹಸಿರು, ಒಂದು ತಿಳಿ ಗುಲಾಬಿ. ಮೂರೂ ಪ್ಲೇನ್ ಟೈಗರ್ ಚಿಟ್ಟೆಯವೇ. ಎಲೆಯ ಅಡಿ ಕಟ್ಟಿಕೊಂಡವು ಹಸಿರಾದವು, ಮೇಲಿನ ಬಟ್ಟೆಗೆ ಜೋತುಬಿದ್ದದ್ದು ಗುಲಾಬಿಯಾಯಿತು. ಸುತ್ತಲಿನ ಬಣ್ಣಕ್ಕೆ ತಕ್ಕಂತೆ ಕೋಶದ ಬಣ್ಣವೂ ಬದಲಾಗುತ್ತದೆ.

ಅಮೆರಿಕದವರು ಮನೆಯಲ್ಲಿ ಮಾನಾರ್ಕ್ ಚಿಟ್ಟೆ ಸಾಕಿ ಬಿಡುವ ವಿಡಿಯೋಗಳನ್ನು ನೀವೂ ನೋಡಿರಬಹುದು. ನಮ್ಮ ಪ್ಲೇನ್ ಟೈಗರ್ ಅದರ ಹತ್ತಿರದ ನೆಂಟ. ಎರಡೂ ಡನಾಯಸ್ ಕುಲದವು. ಅಲ್ಲಿ ಮಿಲ್ಕ್‌ವೀಡ್ ಗಿಡ, ಇಲ್ಲಿ ಎಕ್ಕ. ಯಾವುದನ್ನು ಮುರಿದರೂ ಹಾಲು ಸುರಿಯುತ್ತದೆ. ಮಾನಾರ್ಕ್ ಹುಳದ ಮೈಮೇಲೆ ಮೀಸೆಯಂಥ ಎರಡು ಜೊತೆ ಕಪ್ಪು ಎಳೆಗಳಿದ್ದರೆ ನಮ್ಮದಕ್ಕೆ ಮೂರು ಜೊತೆ. ಹೊರಗಿನಿಂದ ಗುರುತು ಹಿಡಿಯಲು ಅಷ್ಟು ಸಾಕು.

ಮೈಸೂರಿನ ನಮ್ಮ ಬಡಾವಣೆಯಲ್ಲಿ ಇನ್ನೂ ಕಟ್ಟದ ಸೈಟುಗಳಿವೆ, ಅಲ್ಲೆಲ್ಲ ಎಕ್ಕ ತಾನಾಗಿ ಬೆಳೆದಿದೆ. ಎಲೆ ತಿರುವಿ ನೋಡಿದರೆ ಸಾಸಿವೆಗಿಂತ ಚಿಕ್ಕ ಬಿಳಿ ಮೊಟ್ಟೆ. ಒಂದು ಕಡೆ ಒಂದೇ ಇಡುತ್ತದೆ. ಮೂರರಿಂದ ಐದು ದಿನದಲ್ಲಿ ಮರಿ ಹೊರಗೆ ಬಂದು ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ.

ಆಮೇಲಿನದು ನೋಡಬೇಕು. ದೊಡ್ಡ ಹುಳ ಎಲೆಗೆ ಬಾಯಿ ಹಾಕುವ ಮುಂಚೆ ಅದರ ನಡುನರವನ್ನು ಕಚ್ಚಿ ಗಾಯ ಮಾಡುತ್ತದೆ. ಹಾಲು ಅಲ್ಲೇ ಸೋರಿಹೋಗುತ್ತದೆ, ಎಲೆಯ ತುದಿ ಜೋಲುತ್ತದೆ. ಆಗ ಆ ತುದಿಯ ಕಡೆ ಹೋಗಿ ಆರಾಮಾಗಿ ತಿನ್ನುತ್ತದೆ. ಅಂಟು ಹಾಲು ಜಾಸ್ತಿ ಬಂದರೆ ಪುಟ್ಟ ಹುಳದ ಬಾಯೇ ಕಟ್ಟಿಹೋಗುತ್ತದೆ. ಆದರೆ ಆ ಗಿಡದ ವಿಷವೇ ಅದಕ್ಕೆ ರಕ್ಷಣೆ. ತಿಂದ ವಿಷ ಮೈಯಲ್ಲೇ ಉಳಿದು ಚಿಟ್ಟೆಯಾದ ಮೇಲೂ ಇರುತ್ತದೆ. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಬರುವುದಿಲ್ಲ. ಡನಾಯಿಡ್ ಎಗ್‌ಫ್ಲೈ ಅನ್ನುವ ಬೇರೊಂದು ಚಿಟ್ಟೆಯ ಹೆಣ್ಣು ಇದೇ ವೇಷ ಹಾಕಿಕೊಂಡು ಬದುಕುತ್ತದೆ. ಎಂಥಾ ಉಪಾಯ ಅಲ್ವಾ!

ಈ ಸಲ ದೊಡ್ಡ ಹುಳಗಳನ್ನು ತರುವುದು ನಿಲ್ಲಿಸಿದ್ದೇನೆ. ಹಿಂದೆ ತಂದ ಒಂದು ಹುಳ ನೇತುಬಿದ್ದ ಮೇಲೆ ಕಪ್ಪಾಗಿ ಜೋಲಿತು, ಅದರೊಳಗಿಂದ ನೊಣದ ಮರಿಗಳು ದಾರದಂಥ ಎಳೆ ಬಿಟ್ಟುಕೊಂಡು ಕೆಳಗಿಳಿದವು. ನೊಣಕ್ಕೂ ಬದುಕು ಬೇಕು, ನಿಜ. ಆದರೂ ನೋಡಲು ಸಂಕಟವಾಗುತ್ತದೆ. ಮೊಟ್ಟೆಯಿಂದಲೇ ಪರದೆಯೊಳಗೆ ಬೆಳೆದರೆ ಆ ನೊಣಕ್ಕೆ ದಾರಿಯಿಲ್ಲ.

ಬುಟ್ಟಿ ಅಂದರೆ ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿ. ಸುತ್ತ ಸೊಳ್ಳೆ ಪರದೆ, ತಳಕ್ಕೆ ಪೇಪರ್. ದಿನಾ ಬೆಳಿಗ್ಗೆ ಹಿಕ್ಕೆ ತೆಗೆದು ಪೇಪರ್ ಬದಲಿಸಲೇಬೇಕು, ಇಲ್ಲದಿದ್ದರೆ ಬೂಸ್ಟು ಬಂದು ಹುಳ ಸಾಯುತ್ತದೆ. ಎಲೆಯ ತೊಟ್ಟಿಗೆ ಒದ್ದೆ ಹತ್ತಿ ಸುತ್ತುತ್ತೇನೆ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಎಲೆ ಕಿತ್ತ ತಕ್ಷಣ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ನಿನ್ನೆ ಬಿಟ್ಟದ್ದು ಗಂಡು. ಹಿಂದಿನ ರೆಕ್ಕೆಯ ಮೂರು ಕಪ್ಪು ಚುಕ್ಕೆಗಳ ಜೊತೆ ಇನ್ನೊಂದು ದೊಡ್ಡ ಚುಕ್ಕೆ ಇದ್ದರೆ ಗಂಡು. ಹಿಂದಿನ ದಿನವೇ ಕೋಶ ಗಾಜಿನ ಹಾಗೆ ತಿಳಿಯಾಗಿ ಒಳಗಿನ ಕಿತ್ತಳೆ ಬಣ್ಣ ಕಾಣುತ್ತಿತ್ತು. ಬೆಳಿಗ್ಗೆ ಹೊರಗೆ ಬಂದಾಗ ರೆಕ್ಕೆ ಮುದುಡಿಕೊಂಡು ಒದ್ದೆಯಾಗಿತ್ತು, ಹೊಟ್ಟೆ ಊದಿಕೊಂಡಿತ್ತು. ಹೊಟ್ಟೆಯ ನೀರು ನಿಧಾನಕ್ಕೆ ರೆಕ್ಕೆಯ ನರಗಳಿಗೆ ಹರಿದು ರೆಕ್ಕೆ ಬಿಡಿಸಿಕೊಂಡಿತು. ಬಿಸಿಲೇರಿದ ಮೇಲೆ ಪರದೆ ಸರಿಸಿದೆ. ಅಮ್ಮ ಹೂಕುಂಡದ ಹತ್ತಿರವೇ ನಿಂತಿದ್ದರು, ಅವರ ಸೆರಗಿನ ಮೇಲೆ ಒಂದು ಕ್ಷಣ ಕೂತು ಹೋಯಿತು.

ನಾನು ಸಾಕುವುದು ಬೆರಳೆಣಿಕೆಯಷ್ಟು. ಇದರಿಂದ ಊರಿನ ಚಿಟ್ಟೆ ಸಂಖ್ಯೆ ಏರುವುದಿಲ್ಲ. ಅದು ಗಿಡದ ಕೈಯಲ್ಲಿದೆ. ರಥಸಪ್ತಮಿಗೆ ಏಳು ಎಲೆ, ಗಣಪತಿಗೆ ಹೂವು ಅಂತ ಎಕ್ಕ ಹುಡುಕುವವರೇ ಉಳಿದ ದಿನ ಕಳೆ ಅಂತ ಕಡಿಸುತ್ತಾರೆ. ಪಕ್ಕದ ಸೈಟಿನ ಯಜಮಾನರ ಹತ್ತಿರ ಮಾತಾಡಿದ್ದೇನೆ. ಕಾಂಪೌಂಡ್ ಪಕ್ಕದ ನಾಲ್ಕು ಗಿಡ ಬಿಡಲು ಒಪ್ಪಿದ್ದಾರೆ. ಇನ್ನು ಗಂಡುಗಳಿಗೆ ಬೇಕಾದ ಕ್ರೋಟಲೇರಿಯಾ ಅನ್ನುವ ಗಿಡದ ಬೀಜ ಹುಡುಕುತ್ತಿದ್ದೇನೆ. ಅದರ ಒಣಗಿದ ಭಾಗಗಳನ್ನು ಹೀರಿಯೇ ಗಂಡು ಚಿಟ್ಟೆಗಳು ಹೆಣ್ಣನ್ನು ಒಲಿಸುವ ವಾಸನೆ ತಯಾರಿಸಿಕೊಳ್ಳುತ್ತವೆ. ಬೀಜ ಸಿಕ್ಕರೆ ಮಳೆ ಮುಗಿಯುವುದರೊಳಗೆ ಆ ನಾಲ್ಕು ಗಿಡದ ಪಕ್ಕದಲ್ಲೇ ಹಾಕುತ್ತೇನೆ.